ಒಂದೂ ತಪ್ಪಿಲ್ಲದ ಮೂಗರ್ಜಿ

ಶೆಫಾಲಿ ಮಂಡಲ್ ಎಂಬ ಹೆಣ್ಣುಮಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ಓದುತ್ತ ಓದುತ್ತ, 'ಅಯ್ಯ, ಈ ಅಮರಮ್ಮ ಟೀಚರ್ ಎಂಥ ಹೊಟ್ಟೆಕಿಚ್ಚಿನ ಹೆಂಗಸು' ಅಂತ ದೊಡ್ಡ ಗುಟ್ಟು ಹಿಡಿದವರ ಹಾಗೆ ಮುಖ ಮಾಡುವುದು ಬೇಡ. ಹೌದು, ಹೊಟ್ಟೆಕಿಚ್ಚೇ. ಅದನ್ನು ಬಿಟ್ಟು ಆಕೆಯ ಕಥೆ ಹೇಳಲು ನನಗೆ ಬರುವುದಿಲ್ಲ.

ನಾನು ಮಸ್ಕಿಯವಳು. ಎಂ.ಎ., ಬಿ.ಇಡಿ. ಸಿಂಧನೂರು ರಸ್ತೆಯಲ್ಲಿರುವ ಗೋಲ್ಡನ್ ಪ್ಯಾಡಿ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಪ್ಯಾಡಿ ಅಂದರೆ ಭತ್ತ. ಶಾಲೆಯ ಯಜಮಾನ ಪಂಪಾವತಿ ಸಾಹುಕಾರರಿಗೆ ಮೂರು ರೈಸ್‌ಮಿಲ್ಲುಗಳಿವೆ. ಈ ಶಾಲೆ ನಾಲ್ಕನೆಯದು ಅಂತ ಊರವರು ನಗುತ್ತಾರೆ. ನಗಲಿ. ಆರನೇ ಕ್ಲಾಸಿಗೆ ವಾರಕ್ಕೆ ಆರು ಪೀರಿಯಡ್ ಕನ್ನಡ ಇತ್ತು, ಆರೂ ನನ್ನವು. ಮಕ್ಕಳು ಇಂಗ್ಲಿಷಿನಲ್ಲಿ ಕೆಮ್ಮುವ ಶಾಲೆಯಲ್ಲಿ ಆ ಆರು ಪೀರಿಯಡ್ಡನ್ನು ಉಳಿಸಿಕೊಳ್ಳಲು ನಾನು ಎಷ್ಟು ಜಗಳ ಆಡಿದ್ದೇನೆ ಅಂತ ನನಗೇ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇಲ್ಲಿ ಹಿತ್ತಲಲ್ಲಿ ಬೆಳೆಯಲಿಕ್ಕೂ ಬಿಡುವುದಿಲ್ಲ.

ಶೆಫಾಲಿ ಆಗ ನಮ್ಮ ಶಾಲೆಯ ಬಸ್ಸಿನ ಆಯಾ. ಬಾಗಿಲ ಹತ್ತಿರ ನಿಂತು ಮಕ್ಕಳನ್ನು ಕೈ ಹಿಡಿದು ಹತ್ತಿಸುವುದು, ಇಳಿಸುವುದು, ವಾಂತಿ ಮಾಡಿಕೊಂಡರೆ ತೊಳೆಯುವುದು, ಬಿಚ್ಚಿದ ಬೂಟಿನ ಲಾಡಿ ಕಟ್ಟುವುದು ಆಕೆಯ ಕೆಲಸ. ಹುಟ್ಟಿದ್ದು ಸಿಂಧನೂರಿನ ಆಚೆ, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ. ಆಕೆಯ ಅಪ್ಪ ನಿರಾಪದ ಮಂಡಲ್ ಹರೆಯದಲ್ಲಿ ಗಡಿ ದಾಟಿ ಬಂದು, ಎಲ್ಲೆಲ್ಲಿಯೋ ಡೇರೆಗಳಲ್ಲಿ ಕಾಲ ಕಳೆದು, ಕೊನೆಗೆ ಸರಕಾರ ರೈಲು, ಲಾರಿ ಹತ್ತಿಸಿ ಕಳಿಸಿದಾಗ ಇಲ್ಲಿಗೆ ಬಂದಿಳಿದವರು. ಬರೀ ಜಾಲಿ ಬೆಳೆದಿದ್ದ ನೆಲ ಕೊಟ್ಟರಂತೆ. ಕಡಿದರು, ಕೆಸರು ಮಾಡಿದರು, ಭತ್ತ ಬೆಳೆದರು. ಮಗಳು ಬೆಳಗಾಗೆದ್ದು ನಾಟಿ ಹಚ್ಚಿ, ಕೈಕಾಲಿನ ಕೆಸರು ಕಾಲುವೆಯಲ್ಲಿ ತೊಳೆದುಕೊಂಡು, ಹಸಿ ಲಂಗದಲ್ಲೇ ಸರಕಾರಿ ಕನ್ನಡ ಶಾಲೆಗೆ ಓಡುತ್ತಿದ್ದಳು. ಆಮೇಲೆ ಡಿ.ಇಡಿ.ಯನ್ನೂ ಮಾಡಿಕೊಂಡಳು. ಆದರೆ ನೌಕರಿಗೆ ಅರ್ಜಿ ಹಾಕಿದಾಗಲೆಲ್ಲ ಯಾವುದೋ ಒಂದು ಸರ್ಟಿಫಿಕೇಟು ಅಡ್ಡ ಬರುತ್ತಿತ್ತು. ಸಿಂಧನೂರಿನ ಬಜಾರಿನಲ್ಲಿ ಮೀನು ಮಾರುವವನ ಕೈ ಹಿಡಿದಳು, ಎರಡು ಮಕ್ಕಳಾದವು, ನಮ್ಮ ಬಸ್ಸು ಹತ್ತಿದಳು.

ಅಲ್ಲಿಯ ತನಕ ನನಗೂ ಆಕೆಗೂ ಒಳ್ಳೆಯದೇ ಇತ್ತು. 'ನಮಸ್ಕಾರ್ರೀ ಟೀಚರ್' ಅನ್ನುತ್ತಿದ್ದಳು, ನಾನು ತಲೆ ಆಡಿಸುತ್ತಿದ್ದೆ. ಕೆಳಗಿರುವವರ ಮೇಲೆ ಪ್ರೀತಿ ಇಡುವುದು ಬಹಳ ಸುಲಭ.

ಕೆಟ್ಟದ್ದು ಎಲ್ಲಿ ಅಂದರೆ, ಎರಡು ವರ್ಷದ ಹಿಂದೆ ಸಾಹುಕಾರರು ಯಾವುದೋ ಹೊರದೇಶದ ಬೋರ್ಡಿನ ಮಾನ್ಯತೆಗೆ ಅರ್ಜಿ ಹಾಕಿದರು. ಬೋರ್ಡಿನವರು ದಪ್ಪನೆಯ ಒಂದು ಪುಸ್ತಕ ಕಳಿಸಿದರು. ಅದರಲ್ಲಿ ಒಂದು ನಿಯಮ: ಆರನೇ ಕ್ಲಾಸಿನಿಂದ ಪ್ರತಿ ಮಗುವೂ ಒಂದು ವಿದೇಶಿ ಭಾಷೆ ಕಲಿಯಲೇಬೇಕು, ವಾರಕ್ಕೆ ಮೂರು ಪೀರಿಯಡ್. ಫ್ರೆಂಚ್ ಕಲಿಸುವವರು ಬೇಕಾಗಿದ್ದಾರೆ ಅಂತ ಪೇಪರಿನಲ್ಲಿ ಹಾಕಿಸಿದರು. ಹೈದರಾಬಾದಿನಿಂದ ಒಬ್ಬ ಹುಡುಗಿ ಬಂದಳು. ಮೇ ತಿಂಗಳ ಬಿಸಿಲು. ಮಧ್ಯಾಹ್ನ ಊಟ ಮಾಡಿದಳು, ಸಂಜೆ ಬಸ್ಸಿಗೆ ವಾಪಸು ಹೋದಳು. ಬ್ಯಾಗನ್ನೂ ಬಿಚ್ಚಿರಲಿಲ್ಲ.

ಮೀಟಿಂಗಿನಲ್ಲಿ ಸಾಹುಕಾರರು ನಮ್ಮನ್ನೆಲ್ಲ ಕೂರಿಸಿಕೊಂಡು ಕೇಳಿದರು.

"ಆರ್.ಎಚ್. ಕ್ಯಾಂಪಿನ ಮಂದಿ ಎಲ್ಲಿಂದ ಬಂದಾರ್ರೀ?"

"ಬಾಂಗ್ಲಾದಿಂದ ಅಂತಾರ್ರೀ" ಎಂದ ಕ್ಲಾರ್ಕ್ ಜಾಹೀದ್.

"ಬಾಂಗ್ಲಾ ಅಂದ್ರ ಫಾರಿನ್ ಹೌದಲ್ಲೋ? ಪಾಸ್‌ಪೋರ್ಟ್ ಇಲ್ದ ಹೋಗಾಕ ಬರ್ತೈತೇನು?"

"ಇಲ್ಲರೀ."

"ಮತ್ತ! ಫಾರಿನ್ ಭಾಷಾ ನಮ್ಮ ಬಸ್ಸಿನಾಗ ನಿಂತು ಹುಡುಗರ ಬೂಟಿನ ಲಾಡಿ ಕಟ್ಟಾಕತ್ತೈತಿ, ನಾವು ಹೈದರಾಬಾದಿಗೆ ಫೋನ್ ಹಚ್ಚಾಕತ್ತೀವಿ!"

ಎಲ್ಲರೂ ಚಪ್ಪಾಳೆ ತಟ್ಟುವುದೊಂದು ಬಾಕಿ. ಕೇರಳದ ಪ್ರಿನ್ಸಿಪಾಲ್ ಮೇಡಂ ಏನೋ ಹೇಳಲು ಬಾಯಿ ತೆರೆದರು, ಸಾಹುಕಾರರ ಮುಖ ನೋಡಿ ನೀರು ಕುಡಿದರು. ನನಗೂ ಆಗ ಏನೂ ಹೊಳೆಯಲಿಲ್ಲ. 'ಎಷ್ಟು ದಿನ ನಡೆದೀತು ಈ ಬಂಗಾಳಿ!' ಅಂತ ನಾನೂ ನಕ್ಕೆ. ನನ್ನ ಆರು ಪೀರಿಯಡ್ಡಿನಲ್ಲಿ ಮೂರನ್ನು ಕಿತ್ತು ಆಕೆಗೆ ಕೊಟ್ಟ ಟೈಮ್‌ಟೇಬಲ್ಲು ಕೈಗೆ ಬಂದಾಗ ನಗು ನಿಂತಿತು.

ಒಂದು ವರ್ಷ ತಾತ್ಕಾಲಿಕ. ಫೆಬ್ರವರಿಗೆ ಬೋರ್ಡಿನವರು ತಪಾಸಣೆಗೆ ಬರುತ್ತಾರೆ, ಅವರು ಹೂಂ ಅಂದರೆ ಜೂನಿನಿಂದ ಶೆಫಾಲಿ ಕಾಯಂ ಶಿಕ್ಷಕಿ. ಉಹೂಂ ಅಂದರೆ ಮತ್ತೆ ಬಸ್ಸು. ಸಾಹುಕಾರರು ಆಕೆಯ ಎದುರಿಗೇ ಇದನ್ನು ಹೇಳಿದರು. ಆಕೆ ಕೈ ಮುಗಿದಳು. ಫೈಲಿಗೆ ಹಚ್ಚಲು ಕೊಟ್ಟ ಮಾರ್ಕ್ಸ್‌ಕಾರ್ಡಿನ ಝೆರಾಕ್ಸು ನನ್ನ ಟೇಬಲ್ಲಿನ ಮೇಲೆಯೇ ಇತ್ತು, ನೋಡಿದೆ. ಎಸ್ಸೆಸ್ಸೆಲ್ಸಿ, ಕನ್ನಡ ಪ್ರಥಮ ಭಾಷೆ, ನೂರಾ ಇಪ್ಪತ್ತೈದಕ್ಕೆ ನೂರಾ ಇಪ್ಪತ್ತೆರಡು. ನನ್ನದು ನೂರಾ ಹದಿನೇಳು. ಆ ಝೆರಾಕ್ಸನ್ನು ಫೈಲಿನ ತಳಕ್ಕೆ ತುರುಕಿದೆ.

ಪಾಲಕರಿಗೆ ಕನ್ನಡದಲ್ಲಿ ನೋಟಿಸು ಬರೆಯುವ ಕೆಲಸ ನನ್ನದು. 'ವಿದೇಶಿ ಭಾಷೆ' ಅಂತ ಬರೆಯಬೇಕಿತ್ತು. ನಾನು ಬೇಕಂತಲೇ 'ಪರದೇಶಿ ಭಾಷೆ' ಅಂತ ಬರೆದೆ. ನಿಘಂಟಿನಲ್ಲಿ ತಪ್ಪಿಲ್ಲ, ಯಾರೂ ನನ್ನನ್ನು ಹಿಡಿಯುವ ಹಾಗಿಲ್ಲ. ಆದರೆ ನಮ್ಮ ಕಡೆ ಪರದೇಶಿ ಅಂದರೆ ಗೊತ್ತಲ್ಲ, ಹೇಳುವವರು ಕೇಳುವವರು ಇಲ್ಲದ ಅನಾಥ. ಮರುದಿನವೇ ಬಳಗಾನೂರಿನ ಗದ್ದೆಪ್ಪ ನೋಟಿಸು ಹಿಡಿದುಕೊಂಡು ಬಂದರು. ಅವರ ಮಗಳು ಆರನೇ ಕ್ಲಾಸು.

"ನನ್ನ ಮಗಳಿಗೆ ತಂದಿ ತಾಯಿ ಇಬ್ಬರೂ ಗಟ್ಟಿಮುಟ್ಟಾಗಿ ಅದಾರ್ರೀ. ಆಕಿಗ್ಯಾಕ ಪರದೇಶಿ ಭಾಷಾ ಕಲಿಸ್ತೀರಿ? ನಾವೇನು ಸತ್ತೀವೇನು?"

ಸ್ಟಾಫ್‌ರೂಮು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶೆಫಾಲಿ. ನಕ್ಕು, ಗದ್ದೆಪ್ಪರ ಕೈಯಿಂದ ನೋಟಿಸು ತೆಗೆದುಕೊಂಡು, 'ಪರ' ಎಂಬಲ್ಲಿ ಗೆರೆ ಎಳೆದು, ಮೇಲೆ ದುಂಡಗೆ 'ವಿ' ಎಂದು ಬರೆದಳು. "ಟೀಚರ್ ಅವಸರದಾಗ ಬರದಾರ್ರೀ ಅಣ್ಣಾರ" ಅಂದಳು. ನನ್ನ ಬರಹವನ್ನು ತಿದ್ದಿದಳು! ಒಂಬತ್ತು ವರ್ಷದಲ್ಲಿ ನನ್ನ ಕನ್ನಡದ ಮೇಲೆ ಯಾರೂ ಗೆರೆ ಎಳೆದಿರಲಿಲ್ಲ. 

ಆಮೇಲೆ ಶುರುವಾಯಿತು ನೋಡಿ, ನನ್ನ ಗ್ರಹಚಾರ. ಮಕ್ಕಳಿಗೆ ಆಕೆಯ ಹುಚ್ಚೇ ಹಿಡಿಯಿತು. ನಾನು ವರಾಂಡದಲ್ಲಿ ಸುಮ್ಮನೆ ಅಡ್ಡಾಡುವ ಹಾಗೆ ಕಿಟಕಿ ಪಕ್ಕ ನಿಂತು ಕೇಳುತ್ತಿದ್ದೆ. ಪುಸ್ತಕ ಇಲ್ಲ, ಏನಿಲ್ಲ. "ನಾವು ಅನ್ನ ಅಂತೀವಿ, ಬಂಗಾಳಿ ಒಳಗ ಭಾತ್. ನಾವು ಮೀನು ಅಂತೀವಿ, ಅವರು ಮಾಛ್. ನೋಡ್ರಿ, ನಮ್ಮ ಕನ್ನಡದಾಗ..." ಅನ್ನುತ್ತಿದ್ದಳು. ನಮ್ಮ ಕನ್ನಡವಂತೆ! ಬಂಗಾಳಿ ಕಲಿಸಲು ಬಂದವಳಿಗೆ ಕನ್ನಡವೂ ಬೇಕು. ಒಬ್ಬರಿಗೇ ಎರಡೆರಡು ಮನೆ.

ಇದೆಲ್ಲ ತಡೆದುಕೊಳ್ಳುತ್ತಿದ್ದೆನೇನೋ. ನನ್ನ ಮಗಳು ಸಂಘಮಿತ್ರಾ ಅದೇ ಆರನೇ ಕ್ಲಾಸಿನಲ್ಲಿ ಇಲ್ಲದಿದ್ದರೆ.

ಒಂದು ದಿನ ಊಟಕ್ಕೆ ಕೂತಾಗ ಮಿತ್ರಾ, "ಜೊಲ್ ಕೊಡವ್ವ" ಅಂದಳು.

"ಏನು?"

"ನೀರು. ಬಂಗಾಳಿ ಒಳಗ ಜೊಲ್."

"ಬಾಯಾರಿದ್ರ ನೀರು ಅನ್ನು. ಜೊಲ್ಲು ಬೇಕಾದ್ರ ಸುರಿಸಿಕೋ" ಅಂದೆ.

ನನ್ನ ಗಂಡ ಶಿವರಾಜ ಲಿಂಗಸುಗೂರಿನ ತಾಲೂಕು ಕಚೇರಿಯಲ್ಲಿ ನೌಕರ, ಮಾತು ಕಡಿಮೆ. ಅವರು ಕೂಡ ಪಕ್ಕನೆ ನಕ್ಕುಬಿಟ್ಟರು. ಮಿತ್ರಾ ನಗಲಿಲ್ಲ. ಎದ್ದುಹೋಗಿ ತಾನೇ ನೀರು ತೆಗೆದುಕೊಂಡು ಕುಡಿದಳು.

ಡಿಸೆಂಬರಿನಲ್ಲಿ ನಾನು ಕ್ಲಾಸಿಗೆ ಪ್ರಬಂಧ ಕೊಟ್ಟೆ, 'ನನ್ನ ಮೆಚ್ಚಿನ ಶಿಕ್ಷಕಿ'. ಯಾಕೆ ಕೊಟ್ಟೆ ಅಂತ ಕೇಳಬೇಡಿ. ಕೆರೆದುಕೊಂಡರೆ ಹುಣ್ಣಾಗುತ್ತದೆ ಅಂತ ಗೊತ್ತಿದ್ದೂ ಕೆರೆದುಕೊಳ್ಳುತ್ತೇವಲ್ಲ, ಹಾಗೆ. ಮೂವತ್ತನಾಲ್ಕು ಪ್ರಬಂಧ. ಮಗಳದನ್ನು ಕೊನೆಗೆ ಇಟ್ಟುಕೊಂಡೆ. ಆಕೆ ಬರೆದಿದ್ದಳು: 'ನನ್ನ ಅವ್ವ ಸಹ ಶಿಕ್ಷಕಿ. ಆದರೆ ನನ್ನ ಮೆಚ್ಚಿನ ಶಿಕ್ಷಕಿ ಶೆಫಾಲಿ ಮಿಸ್. ನಾವು ತಪ್ಪು ಮಾಡಿದರೆ ಶೆಫಾಲಿ ಮಿಸ್ ನಗುತ್ತಾರೆ, ನಮಗೂ ನಗು ಬರುತ್ತದೆ, ಆಮೇಲೆ ಆ ತಪ್ಪು ಆಗುವುದಿಲ್ಲ. ಅವ್ವನ ಕ್ಲಾಸಿನಲ್ಲಿ ನನಗೆ ಹೆದರಿಕೆ.' ಒಂದು ಒತ್ತಕ್ಷರ ತಪ್ಪಿಲ್ಲ, ಒಂದು ದೀರ್ಘ ಬಿಟ್ಟಿಲ್ಲ. ಹತ್ತಕ್ಕೆ ಹತ್ತು ಕೊಡಬೇಕಾದ ಪ್ರಬಂಧ. ಒಂಬತ್ತು ಕೊಟ್ಟೆ. ಆ ಒಂದು ಮಾರ್ಕು ಯಾಕೆ ಕಳೆದೆ ಅಂತ ಮಿತ್ರಾ ಕೇಳಲಿಲ್ಲ. 

ಅದೇ ವಾರ ಮೂಗರ್ಜಿ ಬರೆದೆ. ಹೆಸರು ಹಾಕದೆ ಮೇಲಿನವರಿಗೆ ಚಾಡಿ ಬರೆಯುವುದಕ್ಕೆ ನಮ್ಮ ಕಚೇರಿ ಲೋಕದಲ್ಲಿ ಮೂಗರ್ಜಿ ಅನ್ನುತ್ತಾರೆ. ಬರೆಯಲು ಪುರುಸೊತ್ತು ಎಲ್ಲಿಯದು? ಅವರು ಕಿತ್ತುಕೊಂಡ ಮೂರು ಪೀರಿಯಡ್ಡಿನದೇ. ಆಕೆ ಅಲ್ಲಿ ಕಲಿಸುತ್ತಿದ್ದಳು, ನಾನು ಇಲ್ಲಿ ಬರೆಯುತ್ತಿದ್ದೆ.

ಯುಕ್ತಿ ಹೊಳೆದದ್ದು ಬಸ್ಸಿನಲ್ಲಿ. ಯಾರೋ ಕಂಡಕ್ಟರನಿಗೆ ಹತ್ತು ರೂಪಾಯಿ ಕೊಡುತ್ತಿದ್ದರು. ನೋಟಿನ ಹಿಂಭಾಗದಲ್ಲಿ ಭಾಷೆಗಳ ಪಟ್ಟಿ ಇರುತ್ತದಲ್ಲ, ಕಣ್ಣಿಗೆ ಬಿತ್ತು. ಮನೆಗೆ ಹೋಗಿ ಕನ್ನಡಕ ಹಾಕಿಕೊಂಡು ನೋಡಿದೆ. ಅಸ್ಸಾಮಿ, ಅದರ ಕೆಳಗೇ ಬಂಗಾಳಿ. ಕನ್ನಡ ಇನ್ನೂ ಎರಡು ಸಾಲು ಕೆಳಗೆ. ಅದಕ್ಕೂ ಉರಿದುಕೊಂಡೆ ಅಂದರೆ ನಂಬಿ.

ಬೋರ್ಡಿಗೆ ನಾನು ಬರೆದ ಕಾಗದ ಹೀಗಿತ್ತು: ಬಂಗಾಳಿ ಭಾರತದ ಭಾಷೆ, ಸಂವಿಧಾನದ ಪಟ್ಟಿಯಲ್ಲಿದೆ, ನಮ್ಮ ನೋಟಿನ ಮೇಲಿದೆ. ಅದನ್ನು ಕಲಿಸುವ ಶಿಕ್ಷಕಿ ಹುಟ್ಟಿದ್ದು ಸಿಂಧನೂರು ತಾಲೂಕಿನಲ್ಲಿ. ಆರ್.ಎಚ್. ಕ್ಯಾಂಪಿನವರು ಹೊರಗಿನವರಲ್ಲ, ನಮ್ಮವರೇ. ಐವತ್ತು ವರ್ಷದಿಂದ ಈ ನೆಲವನ್ನು ಉತ್ತವರು, ಈ ಕಾಲುವೆಯ ನೀರು ಕುಡಿದವರು, ಇಲ್ಲಿಯೇ ವೋಟು ಹಾಕುವವರು. ಇಂಥವರ ಭಾಷೆಯನ್ನು ವಿದೇಶಿ ಎಂದು ತೋರಿಸುವುದು ಬೋರ್ಡಿಗೆ ಮಾಡುವ ಮೋಸ. ಕೆಳಗೆ 'ಇಂತಿ, ನೊಂದ ಪಾಲಕರು'. ಗುರುತು ಸಿಗದ ಹಾಗೆ ಕೈಬರಹ ಬದಲಿಸಿ, ಎರಡು ಸಲ ತಿದ್ದಿ ಬರೆದೆ. ಕನ್ನಡ ಶಿಕ್ಷಕಿ ನೋಡಿ, ಚಾಡಿಯಲ್ಲೂ ಕಾಗುಣಿತ ತಪ್ಪಬಾರದು. ಮಸ್ಕಿಯಲ್ಲಿ ಅಂಚೆ ಡಬ್ಬಿಗೆ ಹಾಕಿದರೆ ಗುರುತಾದೀತು ಅಂತ ಶನಿವಾರ ಲಿಂಗಸುಗೂರಿಗೆ ಹೋದೆ. ಗಂಡನ ಕಚೇರಿಗೆ ಡಬ್ಬಿ ಊಟ ಒಯ್ಯುವ ನೆಪ. ಅವರು ಖುಷಿಪಟ್ಟರು, ಪಾಪ.

ಫೆಬ್ರವರಿಯಲ್ಲಿ ಬೋರ್ಡಿನವರು ಇಬ್ಬರು ಬಂದರು. ಕೈಯಲ್ಲಿ ನನ್ನ ಕಾಗದ, ಜೊತೆಗೆ ಅದರ ಇಂಗ್ಲಿಷ್ ಅನುವಾದ. ಹತ್ತು ನಿಮಿಷದಲ್ಲಿ ಮುಗಿಯಿತು. ಬಂಗಾಳಿ ನಡೆಯುವುದಿಲ್ಲ, ಬರುವ ವರ್ಷದಿಂದ ಫ್ರೆಂಚೋ ಜರ್ಮನ್ನೋ ಇರಲೇಬೇಕು ಅಂದರು. ಸಾಹುಕಾರರು ಬೆವರು ಒರೆಸಿಕೊಂಡು, ನಾಳೆಯಿಂದಲೇ ಫ್ರೆಂಚ್ ಅಂದುಬಿಟ್ಟರು. ಗೋಡೆಗೆ ದೊಡ್ಡ ಟಿ.ವಿ. ತೂಗುಹಾಕಿಸಿದರು. ಅದರೊಳಗಿಂದ ಯಾರೋ ಮೇಡಂ ಒಂದೇ ಹೊತ್ತಿಗೆ ನಲವತ್ತು ಶಾಲೆಗೆ ಫ್ರೆಂಚ್ ಹೇಳುತ್ತಾಳೆ. ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೊಳ್ಳಲು ಒಬ್ಬರು ಕ್ಲಾಸಿನಲ್ಲಿ ಕೂರಬೇಕು. ಯಾರು? ನಾನೇ. ಪೀರಿಯಡ್ಡು ಮೂರೂ ಹೋದವು, ಅವುಗಳ ಕಾವಲು ಮಾತ್ರ ಬಂತು. ತಾನು ತೋಡಿದ ಗುಂಡಿ ಅಂದರೆ ಇದೇ.

ಆದರೆ ಅದಕ್ಕೂ ಮುಂಚೆ, ಬೋರ್ಡಿನವರ ಕಾರು ಗೇಟು ದಾಟಿದ ಕೂಡಲೇ, ಸಾಹುಕಾರರು ನಮ್ಮನ್ನೆಲ್ಲ ಕರೆಸಿದರು. ಕಾಗದ ಗಾಳಿಯಲ್ಲಿ ಆಡಿಸಿದರು.

"ಯಾರ್ ಬರದಾರ ಇದನ್ನ? ಪಾಲಕರಂತ, ಪಾಲಕರು! ನಮ್ಮ ಪಾಲಕರು ಹಿಂಗ ಬರೀತಾರೇನು? ಎರಡು ಪುಟದಾಗ ಒಂದೂ ತಪ್ಪಿಲ್ಲ! ನಮ್ಮ ಸಾಲ್ಯಾಗ ಹಿಂಗ ಬರಿಯೋರು ಇಬ್ಬರ."

ಎಲ್ಲರ ಕಣ್ಣು ಮೊದಲು ಶೆಫಾಲಿಯ ಮೇಲೆ ಹೋಯಿತು. ತಮ್ಮ ನೌಕರಿಯನ್ನು ತಾವೇ ಕಳೆದುಕೊಳ್ಳುವವರು ಯಾರೂ ಇಲ್ಲ. ಆದ್ದರಿಂದ ಕಣ್ಣೆಲ್ಲ ನನ್ನ ಕಡೆ ತಿರುಗಿದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ಸೆರಗು ಮುಟ್ಟಿ ನೋಡಿಕೊಂಡೆ. ಒಂಬತ್ತು ವರ್ಷದ ನೌಕರಿ ಬಾಯಿಗೆ ಬಂದಿತ್ತು.

ಶೆಫಾಲಿ ಎದ್ದು ನಿಂತಳು. "ಅಮರಮ್ಮ ಟೀಚರ್ ಅಲ್ಲ ಬಿಡ್ರೀ ಸಾವ್ಕಾರ್ರ. ಅವರು ಬರದದ್ದಾಗಿದ್ರ ಹೆಸರು ಹಾಕತಿದ್ರು."

ಸಾಹುಕಾರರು ಇಬ್ಬರನ್ನೂ ಒಮ್ಮೆ ನೋಡಿದರು. ಮುಖದ ಗಂಟು ಸಡಿಲಾಯಿತು. "ನೀನ ಹೇಳತಿ ಅಂದ್ರ... ಹೋಗಲಿ. ನಿನ್ನ ಬಸ್ಸಿನ ಕೆಲಸ ಎಲ್ಲೂ ಹೋಗಿಲ್ಲವ್ವ, ನಾಳಿಂದ ಹತ್ತು" ಎಂದರು. ಆಕೆ ತಲೆಯಾಡಿಸಿ, "ಆ ಕಾಗದದ ಒಂದು ಝೆರಾಕ್ಸ್ ಕೊಡ್ತೀರೇನ್ರೀ?" ಎಂದು ಕೇಳಿದಳು.

"ನಿನ್ನ ಅನ್ನಕ್ಕ ಮಣ್ಣು ಹಾಕಿದ ಕಾಗದ ಅದು. ಏನ್ ಮಾಡ್ತಿ ಅದನ್ನ ತಗೊಂಡು?"

"ಬೇಕಾಗಿತ್ರೀ" ಅಂದಳು ಅಷ್ಟೇ. ಜಾಹೀದ್ ಒಂದು ಪ್ರತಿ ತೆಗೆದು ಕೊಟ್ಟ.

ಮರುದಿನದಿಂದ ಬಸ್ಸು. ಅದೇ ಬಾಗಿಲು, ಅದೇ ಬೂಟಿನ ಲಾಡಿ. ನಾನು ಗೆದ್ದಿದ್ದೆ. ಆಕೆ ಸೋತ ಮುಖ ಮಾಡಿಕೊಂಡು ತಿರುಗಿದ್ದರೆ ನನ್ನ ಗೆಲುವು ನನಗೆ ಸಿಗುತ್ತಿತ್ತು. ಮಾಡಲಿಲ್ಲ. ಮಕ್ಕಳು ಈಗಲೂ ಆಕೆಯನ್ನು ಮಿಸ್ ಅಂತಲೇ ಕರೆಯುತ್ತಿದ್ದವು. ಬಸ್ಸಿನಲ್ಲಿ ಸಿಂಧನೂರಿನ ತನಕ ಬಂಗಾಳಿ ನಡೆಯುತ್ತದಂತೆ. ನಮ್ಮ ಮನೆ ಮಸ್ಕಿಯಲ್ಲಿ, ಆದರೂ ಮಿತ್ರಾ ಶಾಲೆ ಬಿಟ್ಟ ಮೇಲೆ ಆ ಬಸ್ಸು ಹೊರಡುವ ತನಕ ಅದರೊಳಗೇ ಕೂತಿರುತ್ತಿದ್ದಳು.

ಎರಡು ವಾರದ ಮೇಲೆ ಒಂದು ಸಂಜೆ ಮಗಳನ್ನು ಇಳಿಸಿಕೊಂಡು ಹೋಗಲು ಬಸ್ಸಿನ ಹತ್ತಿರ ಹೋದೆ.

"ಟೀಚರ್, ಒಂದ ನಿಮಿಷ" ಅಂತ ಶೆಫಾಲಿ ಇಳಿದು ಬಂದಳು. ಪ್ಲಾಸ್ಟಿಕ್ ಕವರಿನಿಂದ ಆ ಝೆರಾಕ್ಸು ತೆಗೆದಳು. ಮಡಿಕೆ ಬಿದ್ದಲ್ಲಿ ಆಗಲೇ ಸವೆದಿತ್ತು.

"ಅಪ್ಪಗ ಓದಿ ಹೇಳಿದೆ ರೀ. ಬಂಗಾಳಿ ಮಾಡಿ ಹೇಳಿದೆ. 'ಹೊರಗಿನವರಲ್ಲ, ನಮ್ಮವರೇ' ಅಂತ ಒಂದು ಸಾಲು ಐತೆಲ್ರೀ, ಅದನ್ನ ನಾಕು ಸಲ ಓದಿಸಿದ್ರು. ಇಲ್ಲಿಗೆ ಬಂದು ಐವತ್ತು ವರ್ಷ ಆತು, ಯಾವ ಕಚೇರಿಗೆ ಹೋದ್ರೂ ನೀವು ಎಲ್ಲಿಯವರು ಅಂತ ಕೇಳ್ಯಾರ ಹೊರತು, ನಮ್ಮವರು ಅಂತ ಯಾರೂ ಕಾಗದದ ಮ್ಯಾಲ ಬರದಿಲ್ಲಂತ. ಅವರ ಹತ್ರ ಒಂದು ಟ್ರಂಕ್ ಐತ್ರೀ, ಎಲ್ಲಾ ಕಾಗದ ಅದರಾಗ ಇಟ್ಟಾರ. ಇದನ್ನೂ ಇಡ್ತೀನಿ ಅಂತಾರ. ಆದ್ರ ಸಹಿ ಇಲ್ಲದ ಕಾಗದ ಕಾಗದ ಅಲ್ಲ ಅಂತ ಹಟ ಹಿಡದಾರ. ಬರದವರ ಸಹಿ ಹಾಕಿಸಿಕೊಂಡು ಬಾ ಅಂತಾರ."

"ಬರದವರು ಯಾರೋ ಏನೋ" ಅಂದೆ. 

"ನನಗ ಅವತ್ತ ಗೊತ್ತಾಗಿತ್ರೀ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ಸಿಟ್ಟಿನಾಗ ಬರದೀರಿ. ಇರಲಿ. ಆದ್ರ ಬರದದ್ದು ಖರೇನ ಹೌದಲ್ರೀ ಟೀಚರ್?"

 ನಾನು ಹೊಡೆಯಲು ಕಲ್ಲು ಹುಡುಕುತ್ತಿದ್ದೆ, ಆ ಮಾತುಗಳು ಕೈಗೆ ಸಿಕ್ಕವು, ಎಸೆದೆ. ಅದರಲ್ಲಿ ಒಂದು ಸಾಲನ್ನಾದರೂ ನಾನು ನಂಬಿ ಬರೆದಿರಲಿಲ್ಲ. ಎಸೆದ ಕಲ್ಲನ್ನು ಈಕೆ ಮನೆಗೆ ಒಯ್ದು ದೇವರ ಜಗಲಿಯ ಮೇಲೆ ಇಟ್ಟಿದ್ದಳು.

"ಖರೆ" ಅಂದೆ.

ಪೆನ್ನು ಆಕೆಯೇ ಕೊಟ್ಟಳು. 'ನೊಂದ ಪಾಲಕರು' ಎಂಬುದನ್ನು ಹೊಡೆದುಹಾಕಿ, ಕೆಳಗೆ ನನ್ನ ಹೆಸರು ಬರೆದೆ, ಎಂ.ಎ., ಬಿ.ಇಡಿ., ಕನ್ನಡ ಶಿಕ್ಷಕಿ, ಶಾಲೆಯ ಹೆಸರು. ಟ್ರಂಕಿನಲ್ಲಿ ಇಡುವ ಕಾಗದ ಇವತ್ತಲ್ಲ ನಾಳೆ ಯಾರ ಕಣ್ಣಿಗಾದರೂ ಬೀಳುತ್ತದೆ, ಸಾಹುಕಾರರ ಕಿವಿಗೆ ಹೋಗುತ್ತದೆ. ಸಿಂಧನೂರೇನು ಸಮುದ್ರವಲ್ಲ. ಆದರೂ ಬರೆದೆ. ಆಕೆ ಕಾಗದ ತೆಗೆದುಕೊಂಡು ಮೇಲಿಂದ ಕೆಳಗೆ ನೋಡಿ, ಮತ್ತೆ ನನ್ನ ಕಡೆ ಚಾಚಿದಳು.

"ತಾರೀಖು ಹಾಕ್ರೀ ಟೀಚರ್. ಇಲ್ಲಂದ್ರ ಅಪ್ಪ ಮತ್ತ ಕಳಸ್ತಾರ."

ತಾರೀಖು ಹಾಕಿದೆ. ಡ್ರೈವರ್ ಹಾರ್ನ್ ಹೊಡೆದ. ಆಕೆ ಮಿತ್ರಾಳನ್ನು ಕೈ ಹಿಡಿದು ಇಳಿಸಿ, ನನ್ನ ಕೈಗೆ ಕೊಟ್ಟು, ಹತ್ತಿ ಬಾಗಿಲು ಎಳೆದುಕೊಂಡಳು. ಬಾಯಿ ತುಂಬ ಒಂದು ಬೈಗುಳ ಬೈದಿದ್ದರೆ ನನ್ನ ಪಾಪ ಅಲ್ಲಿಗೆ ತೀರುತ್ತಿತ್ತು. ಅದನ್ನೂ ಆಕೆ ನನಗೆ ಕೊಡಲಿಲ್ಲ.